ಬಲಗಾಲಿನ ಕೆಳಗಿನ ವಾಟ

ಓಡಲು ಶುರು ಮಾಡಿ ಆರು ವಾರ, ಮಂಡಿ ನೋವು, ಛಲ ಬಿಡದೆ ಓಡಿದರೆ ತಾನಾಗಿ ಹೋಗುತ್ತದಾ ಇಲ್ಲ ದುಬಾರಿ ಶೂ ತಗೊಳ್ಳಲಾ ಅಂತ ಕೇಳಿದ್ದೀರಿ. ಕೊನೆಗೆ, ಮಿರಾಮಾರ್ ಬೀಚಿನ ಮರಳಲ್ಲಿ ಓಡ್ತೀನಿ ಅಂತ ಒಂದು ಮಾತು ಸೇರಿಸಿದ್ದೀರಲ್ಲ, ಅದನ್ನು ಓದಿಯೇ ಬರೆಯಲು ಕೂತೆ.

ನಾನು ಗದಗ ಕಡೆಯವನು. ಇಲ್ಲಿ ಗೋವಾದ ಮಡಗಾಂವದಲ್ಲಿ ಟೈಲ್ಸ್ ಕೆಲಸ ಹಿಡಿದು 14 ವರ್ಷವಾಯಿತು. ಸಕ್ಕರೆ ಗಡಿಗೆ ಬಂದು ನಿಂತಿದೆ ಅಂತ ಡಾಕ್ಟರು ಹೆದರಿಸಿದ ಮೇಲೆ ನನ್ನ ಓಟ ಶುರುವಾಗಿದ್ದು. ಬೆಳಿಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಕೋಲ್ವಾ ಬೀಚು. ಅಲ್ಲಿಂದ ದಂಡೆಗುಂಟ ದಕ್ಷಿಣಕ್ಕೆ ಬೆನಾವಲಿವರೆಗೆ ಮರಳಲ್ಲಿ ಓಟ. ವಾಪಸ್ ಬರುವಾಗ ಊರೊಳಗಿನ ಡಾಂಬರು ರಸ್ತೆ, ಯಾಕಂದರೆ ಆ ದಾರಿಯಲ್ಲಿ ಬಿಸಿ ಭಾಜಿ-ಪಾವ್ ಕೊಡುವ ಅಂಗಡಿಯಿದೆ. ಸಕ್ಕರೆ ಇಳಿಸಲು ಓಡುವವನಿಗೆ ಪಾವ್ ಯಾಕೆ ಅಂತ ಕೇಳಬೇಡಿ.

ಐದನೇ ವಾರ ಬಲ ಮಂಡಿಯ ಹೊರಮಗ್ಗುಲಲ್ಲಿ ಚುಚ್ಚತೊಡಗಿತು. ವಿಚಿತ್ರ ಏನೆಂದರೆ ಮೊದಲ ಒಂದೂವರೆ ಕಿಲೋಮೀಟರ್ ಏನೂ ಇಲ್ಲ. ಜೀವರಕ್ಷಕರ ಒಂದು ಅಟ್ಟಣಿಗೆ ಬರುತ್ತದೆ, ಅದರ ಹತ್ತಿರ ಬಂದ ಕೂಡಲೇ ಯಾರೋ ದಬ್ಬಳ ತಗೊಂಡು ಕಾದು ಕೂತವರ ಹಾಗೆ ಚುಚ್ಚು. ನಿಂತರೆ ಮಾಯ. ನಡೆದರೆ ಪರವಾಗಿಲ್ಲ. ಮತ್ತೆ ಓಡಿದರೆ ನೂರು ಹೆಜ್ಜೆಗೆ ಹಾಜರ್. ಎರಡು ದಿನ ಬಿಟ್ಟರೆ ಪೂರ್ತಿ ವಾಸಿ ಅನ್ನಿಸುತ್ತಿತ್ತು, ಮೂರನೇ ದಿನ ಅದೇ ಅಟ್ಟಣಿಗೆ, ಅದೇ ದಬ್ಬಳ.

ನಾನೂ ನಿಮ್ಮ ಹಾಗೆ ಛಲ ಅಂದುಕೊಂಡೆ. ಎಣ್ಣೆ ತಿಕ್ಕಿದೆ. ಒಂಬತ್ತು ಸಾವಿರದ ಶೂ ತಂದೆ. ಓಡುವ ಮೊದಲೇ ನೋವಿನ ಗುಳಿಗೆ ನುಂಗುವಷ್ಟು ದಡ್ಡತನವೂ ಆಯಿತು. ನೋವು ಗೊತ್ತಾಗದೆ ಆ ದಿನ ಆರು ಕಿಲೋಮೀಟರ್ ಪೂರ್ತಿ ಓಡಿ, ಮರುದಿನ ಸೈಟಿನಲ್ಲಿ ಏಣಿ ಇಳಿಯಲಾಗದೆ ಹುಡುಗರ ಹೆಗಲು ಹಿಡಿದು ಇಳಿದೆ. ಮೇಸ್ತ್ರಿಯೇ ಏಣಿ ಇಳಿಯಲಾರ ಅಂದಮೇಲೆ ಮುಗಿಯಿತು, ಆ ತಿಂಗಳ ಒಂದು ದೊಡ್ಡ ಕೆಲಸ ಬೇರೆಯವರ ಪಾಲಾಯಿತು. ಓಟ ನಾಲ್ಕು ತಿಂಗಳು ಬಂದ್.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಫಿಸಿಯೋಥೆರಪಿ ಮಾಡುವವರೊಬ್ಬರು ಕಾಲು ಮುಟ್ಟುವ ಮೊದಲೇ ಕೇಳಿದ್ದು, ‘ಸಮುದ್ರ ಯಾವ ಬದಿಗೆ ಇರುತ್ತದೆ?’ ಬಲಕ್ಕೆ, ಅಂದೆ. ‘ವಾಪಸ್ ಬರುವಾಗ ರಸ್ತೆಯ ಯಾವ ಬದಿ?’ ಎದುರಿನ ಗಾಡಿ ಕಾಣಲಿ ಅಂತ ಬಲಬದಿ, ಅಂದೆ. ಅವರು ನಕ್ಕರು. ನನಗೆ ಅರ್ಥವಾಗಲು ಮನೆಗೆ ಹೋಗುವವರೆಗೆ ಬೇಕಾಯಿತು. ಬಾತ್‌ರೂಮಿನ ನೀರು ಜಾಲಿಗೆ ಹರಿಯಲಿ ಅಂತ ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ವಾಟ, ಅಂದರೆ ಇಳಿಜಾರು, ಕೊಡುವುದೇ ನನ್ನ ಹೊಟ್ಟೆಪಾಡು. ಮಳೆ ನೀರು ಇಳಿಯಲಿ ಅಂತ ಡಾಂಬರು ರಸ್ತೆಗೂ ನಡುವಿನಿಂದ ಅಂಚಿಗೆ ಮೀಟರಿಗೆ ಎರಡು, ಎರಡೂವರೆ ಸೆಂಟಿಮೀಟರ್ ವಾಟ ಇರುತ್ತದೆ. ದಂಡೆಯ ವಾಟ ಅದಕ್ಕಿಂತ ಎಷ್ಟೋ ಹೆಚ್ಚು. ಹೋಗುವಾಗ ಸಮುದ್ರ ಬಲಕ್ಕೆ, ಬಲಗಾಲು ತಗ್ಗಿಗೆ. ಬರುವಾಗ ರಸ್ತೆಯ ಬಲ ಅಂಚು, ಮತ್ತೆ ಬಲಗಾಲು ತಗ್ಗಿಗೆ. ಬಂದ ದಾರಿಯಲ್ಲೇ ಮರಳಿದ್ದರೆ ಎರಡೂ ಕಾಲಿಗೆ ಸಮನಾಗುತ್ತಿತ್ತು. ಭಾಜಿ-ಪಾವ್ ಆಸೆಗೆ ಆರು ಕಿಲೋಮೀಟರಿನ ಭಾರವನ್ನೂ ಒಂದೇ ಕಾಲಿನ ಮೇಲೆ ಹಾಕಿದ್ದೆ. ಕಿಲೋಮೀಟರಿಗೆ ಆ ಕಾಲು ಸುಮಾರು 600 ಸಲ ನೆಲಕ್ಕೆ ಬೀಳುತ್ತದೆ, ಪ್ರತಿ ಸಲ ಸೊಂಟ ಆ ಕಡೆ ವಾಲುತ್ತದೆ. ಸೊಂಟದಿಂದ ತೊಡೆಯ ಹೊರಮಗ್ಗುಲಿಗೆ ಇಳಿದು ಮಂಡಿಯ ಕೆಳಗೆ ಸೇರುವ ದಪ್ಪ ಪಟ್ಟಿಯೊಂದಿದೆ, ಐಟಿ ಬ್ಯಾಂಡ್ ಅಂತಾರೆ. ಅದು ಬಿಗಿದು ಮಂಡಿಯ ಹೊರ ಎಲುಬಿಗೆ ಒತ್ತಿ ಒತ್ತಿ ಉರಿ ಎದ್ದಿತ್ತು.

ಇನ್ನೊಂದು ತಮಾಷೆ. ನಡುನಡುವೆ ಕೆಲವು ದಿನ ನೋವು ಬರುತ್ತಲೇ ಇರಲಿಲ್ಲ, ನಾನು ಎಣ್ಣೆಯ ಗುಣ ಅಂದುಕೊಂಡಿದ್ದೆ. ಅಸಲಿಗೆ ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಲ್ಲಿ ಬೆಳಿಗ್ಗೆ ನೀರು ದೂರ ಸರಿದು, ಸಪಾಟಾದ ಗಟ್ಟಿ ಮರಳು ತೆರೆದುಕೊಂಡಿರುತ್ತದೆ. ಅಷ್ಟಮಿಯ ಹೊತ್ತಿಗೆ ನೀರು ಮೇಲೆ ಬಂದು ಓರೆ ದಂಡೆಯಷ್ಟೇ ಉಳಿಯುತ್ತದೆ. ನೋವಿಲ್ಲದ ನನ್ನ ದಿನಗಳು ಪಂಚಾಂಗದಲ್ಲಿದ್ದವು. ಬಲೆ ಎಳೆಯುವ ಯಾವ ಮೀನುಗಾರನನ್ನು ಕೇಳಿದ್ದರೂ ಹೇಳುತ್ತಿದ್ದ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಛಲ ಹಿಡಿಯಲೋ ಬಿಡಲೋ ಅಂತ ಕೇಳುತ್ತಿದ್ದೀರಿ. ಮೊದಲು ಒಂದೇ ಬೆರಳಿಟ್ಟು ನೋವು ಎಲ್ಲಿದೆ ತೋರಿಸಿಕೊಳ್ಳಿ. ಹೊರಮಗ್ಗುಲಿನ ಒಂದೇ ಬಿಂದುವಾದರೆ, ಪ್ರತಿ ಸಲ ಅಷ್ಟೇ ದೂರಕ್ಕೆ ಬಂದರೆ, ನನ್ನ ಕಥೆಯೇ ಇರಬಹುದು. ಚಿಪ್ಪಿನ ಸುತ್ತ, ಮೆಟ್ಟಿಲು ಇಳಿಯುವಾಗ, ಸಿನಿಮಾ ನೋಡಿ ಎದ್ದಾಗ ನೋವಾದರೆ ಅದು ಬೇರೆ, ಹೊಸಬರಿಗೆ ಬಹಳ ಬರುವುದು ಅದೇ. ಊದಿಕೊಂಡರೆ, ಮಂಡಿ ಸಿಕ್ಕಿಹಾಕಿಕೊಂಡು ಬಿಡಿಸಲು ಬರದಿದ್ದರೆ, ಭಾರ ಹಾಕಿದಾಗ ಕುಸಿದರೆ ನನ್ನಂಥವರ ಉತ್ತರ ಓದುತ್ತಾ ಕೂರಬೇಡಿ, ಮೂಳೆ ಡಾಕ್ಟರ ಹತ್ತಿರ ಹೋಗಿ.

ಶೂ ಬೇಡ ಅನ್ನಲ್ಲ, ಆದರೆ ಆ ದುಡ್ಡಿಗೆ ಮೊದಲು ಒಂದು ಸಲ ಫಿಸಿಯೋ ನೋಡಿ ಬನ್ನಿ. ನನಗೆ ಕೊಟ್ಟ ಮದ್ದು ಬೇಸರ ತರಿಸುವಂಥದ್ದು: ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನಿಧಾನ ಎತ್ತಿ ಇಳಿಸುವುದು, ದಿನಾ. ಸೊಂಟದ ಪಕ್ಕದ ಸ್ನಾಯು ಗಟ್ಟಿಯಾಗಲಿ ಅಂತ. ಹೆಂಡತಿ ನೋಡಿ ನಕ್ಕಳು, ಆಮೇಲೆ ಅವಳೂ ಪಕ್ಕಕ್ಕೆ ಚಾಪೆ ಹಾಸಿದಳು. ಓಟ ಮತ್ತೆ ಶುರುವಾದಾಗ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೆಜ್ಜೆ ಸಣ್ಣದು. ಚುಚ್ಚು ಬರುವ ಮೊದಲೇ ನಿಲ್ಲಿಸುವುದು, ಬಂದ ಮೇಲಲ್ಲ. ನನ್ನಂಥ ಹಠಮಾರಿಗೆ ಇದೇ ಎಲ್ಲಕ್ಕಿಂತ ಕಷ್ಟ ಆಯಿತು. ಅಟ್ಟಣಿಗೆ ಇನ್ನೂರು ಮೀಟರ್ ದೂರದಲ್ಲಿ ಕಾಣುತ್ತಿರುವಾಗಲೇ ತಿರುಗಿ ಬರಬೇಕು ಅಂದರೆ ಮೈ ಉರಿಯುತ್ತಿತ್ತು.

ಈಗ ಹೋದ ದಾರಿಯಲ್ಲೇ ಬರುತ್ತೇನೆ. ಅಷ್ಟಮಿ ಬಂದರೆ ಮರಳು ಬಿಟ್ಟು ಮಡಗಾಂವದ ಸಪಾಟು ಮೈದಾನ, ಅಲ್ಲೂ ನಾಲ್ಕು ಸುತ್ತಿಗೊಮ್ಮೆ ದಿಕ್ಕು ಬದಲು. ಭಾಜಿ-ಪಾವ್ ಭಾನುವಾರ ಮಾತ್ರ, ಸ್ಕೂಟರಿನಲ್ಲಿ ಹೋಗಿ. ಅವ್ವ ಊರಿಂದ ಫೋನ್ ಮಾಡಿದಾಗೆಲ್ಲ ‘ಅಮಾಸಿ ದಿನ ಒಬ್ಬನ ಸಮುದ್ರದ ಕಡೆ ಹೋಗಬ್ಯಾಡಪಾ’ ಅಂತಾಳೆ. ಹೂಂ ಅಂತೀನಿ. ನಾಡಿದ್ದು ಅಮಾವಾಸ್ಯೆ, ಆರಕ್ಕೆ ಅಲಾರಂ ಇಟ್ಟಾಗಿದೆ.