ಫೋರ್ಝಾ ಹೊರೈಜನ್ 3 ಗೇಮ್‌ನಲ್ಲಿ ಕಾಣುವ ಊರು, ಮನೆಗಳು ನಿಜವಾದ ಆಸ್ಟ್ರೇಲಿಯಾದಲ್ಲೂ ಹಾಗೇ ಇವೆಯಾ?

ಊರಿನ ಚಹರೆ ಬಹಳಷ್ಟು ಹಾಗೇ ಇದೆ, ಊರುಗಳ ನಡುವಿನ ದೂರ ಮಾತ್ರ ಖಂಡಿತ ಹಾಗಿಲ್ಲ. 2016ರಲ್ಲಿ ಬಂದ ಈ ಕಾರ್ ರೇಸಿಂಗ್ ಗೇಮ್‌ನಲ್ಲಿ ಬೈರನ್ ಬೇ, ಸರ್ಫರ್ಸ್ ಪ್ಯಾರಡೈಸ್, ಯಾರಾ ವ್ಯಾಲಿ ಎಲ್ಲ ಅಕ್ಕಪಕ್ಕದ ಬಡಾವಣೆಗಳ ಹಾಗೆ ಕೂತಿವೆ, ಕೆಲವೇ ನಿಮಿಷದಲ್ಲಿ ಒಂದರಿಂದ ಇನ್ನೊಂದಕ್ಕೆ ಕಾರು ಓಡಿಸಬಹುದು. ನಿಜದಲ್ಲಿ ಮೊದಲ ಎರಡರ ನಡುವೆ ಸುಮಾರು ಒಂದು ಗಂಟೆ ದಾರಿ. ಆದರೆ ಯಾರಾ ವ್ಯಾಲಿ ಇರುವುದು ಮೆಲ್ಬರ್ನ್ ಹತ್ತಿರ, ಆ ಎರಡೂ ಊರುಗಳಿಂದ ರಸ್ತೆಯಲ್ಲಿ 1,500 ಕಿಲೋಮೀಟರಿಗೂ ಜಾಸ್ತಿ!

ಸರ್ಫರ್ಸ್ ಪ್ಯಾರಡೈಸ್‌ನಲ್ಲಿ ಕಡಲ ದಂಡೆಗೆ ಅಂಟಿಕೊಂಡೇ ಎತ್ತರದ ಕಟ್ಟಡಗಳಿವೆ, ಅದರಲ್ಲಿ ಕ್ಯೂ1 ಒಂದೇ 322 ಮೀಟರ್. ಕಡಲು ಪೂರ್ವಕ್ಕಿರುವುದರಿಂದ ಮಧ್ಯಾಹ್ನ ಕಳೆದ ಮೇಲೆ ಅವುಗಳ ನೆರಳು ಮರಳಿನ ಮೇಲೆ ಉದ್ದಕ್ಕೆ ಚಾಚುತ್ತದೆ, ಬಿಸಿಲು ಬೇಕಾದವರು ಟವೆಲ್ ಎತ್ತಿಕೊಂಡು ಜಾಗ ಬದಲಾಯಿಸಬೇಕು.

ಮನೆಗಳ ವಿಷಯಕ್ಕೆ ಬಂದರೆ ಗೇಮ್ ಸಾಲದು ಅಂತ ನನಗನಿಸುತ್ತದೆ. ಕಾರಿನ ವೇಗದಲ್ಲಿ ಮನೆ ಸುಮ್ನೆ ಹಿಂದೆ ಸರಿದುಹೋಗುವ ಚಿತ್ರ, ಅಲ್ವಾ? ಬ್ರಿಸ್ಬೇನ್ ಕಡೆಯ ಹಳೇ 'ಕ್ವೀನ್ಸ್‌ಲ್ಯಾಂಡರ್' ಮನೆಯನ್ನು ನಿಂತು ನೋಡಬೇಕು. ಪೂರ್ತಿ ಮರದ ಮನೆ, ತಗಡಿನ ಚಾವಣಿ, ಮುಂದೆ ಅಗಲವಾದ ಜಗಲಿ, ಇಡೀ ಮನೆ ಕಂಬಗಳ ಮೇಲೆ ನಿಂತಿರುತ್ತದೆ. ಕೆಳಗಿಂದ ಗಾಳಿ ಆಡಲಿ, ಮಳೆ ನೀರು ಹರಿದುಹೋಗಲಿ ಅಂತ ಹಾಗೆ ಕಟ್ಟಿದ್ದು. ಬಗ್ಗಿ ನೋಡಿದರೆ ಪ್ರತಿ ಕಂಬದ ತಲೆಗೂ ತಟ್ಟೆಯಂಥ ಲೋಹದ ಟೋಪಿ ಕಾಣುತ್ತದೆ. ಅದು ಗೆದ್ದಲಿಗೆ. ಕಂಬದೊಳಗಿಂದ ಕದ್ದು ಮರಕ್ಕೆ ಹತ್ತಲಾಗದೆ ಗೆದ್ದಲು ಟೋಪಿ ಸುತ್ತಿ ಹೊರಗೆ ಬರಬೇಕಾಗುತ್ತದೆ, ಆಗ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ.