ನಿಮ್ಮ ಮೂರು ನಿಮಿಷಕ್ಕೆ ಬೋರ್ಡ್ ಯಾಕೆ ಉತ್ತರ ಕೊಡಲಿಲ್ಲ

ನಮಸ್ಕಾರ. ಮೈಸೂರಿನಿಂದ ಬೇ ಏರಿಯಾಗೆ ಬಂದು ಐದು ತಿಂಗಳಾಯಿತು, ಮಗಳು ನಾಲ್ಕನೇ ಕ್ಲಾಸು, ಡಿಸ್ಟ್ರಿಕ್ಟ್‌ನವರು (ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಮಿಡ್ಲ್ ಸ್ಕೂಲ್ ಬೌಂಡರಿ, ಅಂದರೆ ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂಬ ಗೆರೆ, ಬದಲಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ಡಿಸ್ಟ್ರಿಕ್ಟಿನ ಚುನಾಯಿತ ಸ್ಕೂಲ್ ಬೋರ್ಡಿನ ಐದೂ ಜನ ಸದಸ್ಯರಿಗೆ ಈಮೇಲ್ ಹಾಕಿದರೆ ಒಬ್ಬರು ಮಾತ್ರ ‘ಧನ್ಯವಾದ, ಸೂಪರಿಂಟೆಂಡೆಂಟ್‌ಗೆ ಕಳಿಸಿದ್ದೇನೆ’ ಎಂದು ಒಂದು ಸಾಲು ಬರೆದರು. (ಸೂಪರಿಂಟೆಂಡೆಂಟ್ ಎಂದರೆ ಡಿಸ್ಟ್ರಿಕ್ಟಿನ ದಿನದಿನದ ಕೆಲಸ ನಡೆಸುವ ಮುಖ್ಯ ಅಧಿಕಾರಿ.) ಮೀಟಿಂಗಿಗೆ ಹೋಗಿ ಮೂರು ನಿಮಿಷ ಮಾತಾಡಿದಿರಿ, ಯಾರೂ ತುಟಿ ಬಿಚ್ಚಲಿಲ್ಲ. ಈಗ ವಾಟ್ಸಾಪ್ ಗುಂಪಿನಲ್ಲಿ ‘ಬೋರ್ಡಿಗೂ ಸೂಪರಿಂಟೆಂಡೆಂಟ್‌ಗೂ ಆಗಿಬರುವುದಿಲ್ಲ, ಆಕೆಯನ್ನು ತೆಗೆಯುತ್ತಾರಂತೆ’ ಎಂಬ ಸುದ್ದಿ. ಕೊನೆಗೆ ಅಧಿಕಾರ ಯಾರ ಕೈಲಿದೆ, ವೀಸಾದಲ್ಲಿರುವವರು ಮಾತಾಡಬಹುದೇ, ಮತ ಹಾಕಬಹುದೇ ಎಂದು ಕೇಳಿದ್ದೀರಿ.

ನಿಮಗೆ ಉದಾಸೀನವಾಗಿ ಕಂಡ ಆ ಒಂದು ಸಾಲಿನ ಉತ್ತರ, ಆ ಮೌನ, ಎರಡೂ ನೆಟ್ಟಗೆ ನಡೆಯುತ್ತಿರುವ ಡಿಸ್ಟ್ರಿಕ್ಟಿನ ಗುರುತಾಗಿರಬಹುದು. ಯಾಕೆಂದು ಹೇಳುತ್ತೇನೆ.

ನಮ್ಮ ಕಡೆಯ ಬಿಇಒ, ಡಿಡಿಪಿಐ ಲೆಕ್ಕದಲ್ಲಿ ಸೂಪರಿಂಟೆಂಡೆಂಟ್‌ರನ್ನು ಅಳೆಯಬೇಡಿ. ಅವರು ಸರ್ಕಾರ ಕಳಿಸುವ ಅಧಿಕಾರಿಗಳು. ಎಸ್‌ಡಿಎಂಸಿ ಎಷ್ಟೇ ಕೂಗಿದರೂ ಅವರ ವರ್ಗಾವಣೆ ಅದರ ಕೈಲಿಲ್ಲ. ಇಲ್ಲಿನದು ಪಾಲಿಕೆಯ ಸದಸ್ಯರೇ ಕಮಿಷನರನ್ನು ಹುಡುಕಿ, ಸಂದರ್ಶನ ಮಾಡಿ, ಕರಾರು ಬರೆದು ಕೂರಿಸಿಕೊಂಡ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ ಆ ಕರಾರು ಒಂದು ಸಲಕ್ಕೆ 4 ವರ್ಷ ಮೀರುವಂತಿಲ್ಲ. ಅವಧಿ ಮುಗಿದ ಮೇಲೆ ಮುಂದುವರಿಸುವುದು ಬೇಡ ಎಂದಿದ್ದರೆ 45 ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು; ಮರೆತರೆ ಅಷ್ಟೇ ಅವಧಿಗೆ, ಅಷ್ಟೇ ಸಂಬಳಕ್ಕೆ ಅವರೇ ಮುಂದುವರಿದಂತೆ. (ಕೌಂಟಿ ಸೂಪರಿಂಟೆಂಡೆಂಟ್ ಎಂಬ ಇನ್ನೊಬ್ಬರಿದ್ದಾರೆ. ಬಹುತೇಕ ಕೌಂಟಿಗಳಲ್ಲಿ ಅವರನ್ನು ಜನರೇ ಆರಿಸುತ್ತಾರೆ, ನಿಮ್ಮ ಡಿಸ್ಟ್ರಿಕ್ಟಿನ ಬಜೆಟ್ ಪರಿಶೀಲಿಸುವವರು ಅವರು. ಹೆಸರು ಒಂದೇ ಎಂದು ಅವರಿಗೆ ಬೌಂಡರಿ ದೂರು ಕಳಿಸಿ ಕಾಯುತ್ತಾ ಕೂರಬೇಡಿ.)

ಬೋರ್ಡಿನವರು ಸಾಮಾನ್ಯವಾಗಿ ಐದು ಅಥವಾ ಏಳು ಜನ, 4 ವರ್ಷದ ಅವಧಿ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ನವೆಂಬರಿನಲ್ಲಿ, ಸುಮಾರು ಅರ್ಧ ಸ್ಥಾನಗಳಿಗೆ ಚುನಾವಣೆ. ಹೊಸಬರಿಗೆ ಹೊಳೆಯದ ಸಂಗತಿಯೆಂದರೆ, ಒಬ್ಬ ಸದಸ್ಯರಿಗೆ ಒಬ್ಬರೇ ಇರುವಾಗ ಯಾವ ಅಧಿಕಾರವೂ ಇಲ್ಲ. ಐವರಲ್ಲಿ ಮೂವರು, ಅದೂ ಕಾನೂನಿನಂತೆ ಕರೆದ ಸಭೆಯಲ್ಲಿ ಮತ ಹಾಕಿದರೆ ಮಾತ್ರ ಅದು ಬೋರ್ಡಿನ ಮಾತು. ಸದಸ್ಯರೊಬ್ಬರು ನೇರವಾಗಿ ಪ್ರಿನ್ಸಿಪಾಲರಿಗೆ ಫೋನ್ ಮಾಡಿ ‘ಆ ಮಗುವಿಗೆ ಆ ಕ್ಲಾಸು ಕೊಡಿ’ ಎಂದರೆ ಪ್ರಿನ್ಸಿಪಾಲರು ಅಡಕತ್ತರಿಯಲ್ಲಿ ಸಿಕ್ಕ ಅಡಕೆ: ಕೆಲಸದ ಲೆಕ್ಕದಲ್ಲಿ ಮೇಲಿನವರು ಸೂಪರಿಂಟೆಂಡೆಂಟ್, ಫೋನಿನಲ್ಲಿರುವುದು ಅವರ ಯಜಮಾನರಲ್ಲೊಬ್ಬರು. ಸಂಬಂಧ ಕೆಡುವುದು ಹೆಚ್ಚಾಗಿ ಇಲ್ಲಿಂದಲೇ. ನಿಮ್ಮ ಈಮೇಲನ್ನು ಸೂಪರಿಂಟೆಂಡೆಂಟ್‌ಗೆ ದಾಟಿಸಿದ ಸದಸ್ಯರು ತಮ್ಮ ಗೆರೆ ತಿಳಿದವರು. ‘ನಾನು ನೋಡ್ಕೋತೀನಿ ಬಿಡಿ’ ಎಂದು ಮಾತು ಕೊಡುವವರ ಬಗ್ಗೆಯೇ ಎಚ್ಚರವಿರಲಿ.

ಅವರು ಹಾಗೆ ದಾಟಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ದೂರು ಟೀಚರು, ಪ್ರಿನ್ಸಿಪಾಲ್, ಡಿಸ್ಟ್ರಿಕ್ಟ್ ಆಫೀಸು, ಸೂಪರಿಂಟೆಂಡೆಂಟ್ ಎಂದು ಮೆಟ್ಟಿಲು ಹತ್ತಿ ಕೊನೆಗೆ ಬೋರ್ಡಿಗೆ ಮೇಲ್ಮನವಿಯಾಗಿ ಬರಬಹುದು. ವಿದ್ಯಾರ್ಥಿಯನ್ನು ಶಾಲೆಯಿಂದ ಹೊರಹಾಕುವ ಪ್ರಕರಣದಲ್ಲಂತೂ ಡಿಸ್ಟ್ರಿಕ್ಟಿನ ಮಟ್ಟದ ತೀರ್ಮಾನ ಬೋರ್ಡಿನದೇ. ಒಂದು ಕಡೆಯ ಕಥೆಯನ್ನು ಮೊದಲೇ ಕೇಳಿ ತಲೆದೂಗಿದವರು ಆಮೇಲೆ ನ್ಯಾಯ ಹೇಳಲು ಕೂರುವುದು ಹೇಗೆ?

ಈಗ ಆ ಮೌನಕ್ಕೆ ಬರೋಣ. ಇದು ಸ್ಥಳೀಯ ಸಂಸ್ಥೆಗಳ ಸಭೆ ಜನರೆದುರೇ ನಡೆಯಬೇಕೆನ್ನುವ ಕ್ಯಾಲಿಫೋರ್ನಿಯಾದ ಕಾಯ್ದೆ, 1953ರ ಬ್ರೌನ್ ಆ್ಯಕ್ಟ್ ಮಾಡಿದ ಕೆಲಸ. ನಿಯಮಿತ ಸಭೆಯ ಅಜೆಂಡಾ 72 ಗಂಟೆ ಮೊದಲು, ವಿಶೇಷ ಸಭೆಯದು 24 ಗಂಟೆ ಮೊದಲು ಹೊರಬೀಳಬೇಕು. ಅದರಲ್ಲಿ ಇಲ್ಲದ ವಿಷಯವನ್ನು ಬೋರ್ಡ್ ಚರ್ಚಿಸುವಂತಿಲ್ಲ, ತೀರ್ಮಾನವಂತೂ ಆಗದು. ಹೆಚ್ಚೆಂದರೆ ಒಂದೆರಡು ಮಾತಿನ ಉತ್ತರ, ಇಲ್ಲವೇ ‘ಇದನ್ನು ನೋಡಿ’ ಎಂದು ಸಿಬ್ಬಂದಿಗೆ ಸೂಚನೆ. ಅಂದಿನ ಅಜೆಂಡಾದಲ್ಲಿ ಬೌಂಡರಿ ಇರಲಿಲ್ಲವಾದರೆ, ಅಧ್ಯಕ್ಷರು ನಿಮ್ಮೊಡನೆ ವಾದಕ್ಕಿಳಿದಿದ್ದರೇ ತಪ್ಪಾಗುತ್ತಿತ್ತು.

ಇದೇ ಕಾಯ್ದೆ ಮೂವರು ಸದಸ್ಯರು ಈಮೇಲಿನಲ್ಲೋ ವಾಟ್ಸಾಪಿನಲ್ಲೋ ಡಿಸ್ಟ್ರಿಕ್ಟಿನ ವಿಷಯ ಮಾತಾಡಿಕೊಳ್ಳುವುದನ್ನೂ ತಡೆಯುತ್ತದೆ. ಎ ಬಂದು ಬಿಗೆ, ಬಿ ಹೋಗಿ ಸಿಗೆ ಹೇಳಿದರೂ ಅಷ್ಟೇ, ಸರಪಳಿ ಸಭೆಯಾಯಿತು. ನೀವು ಐವರಿಗೂ ಬರೆದ ಈಮೇಲಿಗೆ ಒಬ್ಬರು ‘ರಿಪ್ಲೈ ಆಲ್’ ಒತ್ತಿ, ಇನ್ನಿಬ್ಬರು ದನಿಗೂಡಿಸಿದರೆ ಕಾನೂನು ಮುರಿದಂತೆ. ಸೂಪರಿಂಟೆಂಡೆಂಟ್ ಒಬ್ಬೊಬ್ಬರನ್ನೇ ಕಂಡು ಮಾಹಿತಿ ಕೊಡಬಹುದು, ಪ್ರಶ್ನೆಗೆ ಉತ್ತರಿಸಬಹುದು; ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರಿಗೆ ಒಯ್ಯುವಂತಿಲ್ಲ. ‘ಉಳಿದವರು ಒಪ್ಪಿದ್ದಾರೆ, ನೀವೂ ಒಪ್ಪಿಬಿಡಿ’ ಎಂದು ಕಿವಿಯಲ್ಲಿ ಊದುವ ಸೂಪರಿಂಟೆಂಡೆಂಟ್ ಕಾನೂನನ್ನೂ ಮುರಿಯುತ್ತಾರೆ, ನಂಬಿಕೆಯನ್ನೂ.

ಇಷ್ಟು ಕಟ್ಟುಪಾಡಿನ ನಡುವೆ ಇವರು ಕೆಲಸ ಮಾಡುವುದು ಹೇಗೆ? ಕೆಲವು ಸಪ್ಪೆ ಅಭ್ಯಾಸಗಳಿಂದ. ವಾರಕ್ಕೊಮ್ಮೆ, ಹೆಚ್ಚಾಗಿ ಶುಕ್ರವಾರ, ಸೂಪರಿಂಟೆಂಡೆಂಟ್ ಎಲ್ಲ ಸದಸ್ಯರಿಗೂ ಒಂದೇ ಪತ್ರ ಕಳಿಸುತ್ತಾರೆ: ಯಾವ ಶಾಲೆಯಲ್ಲಿ ಏನಾಯಿತು, ಯಾವ ದೂರು ಬಂತು, ಮುಂದಿನ ವಾರ ಏನು. ಒಬ್ಬ ಸದಸ್ಯರು ಅಂಕಿಅಂಶ ಕೇಳಿದರೆ ಉತ್ತರ ಐವರಿಗೂ ಹೋಗಬೇಕು. ಕೇಳಿದವರಿಗಷ್ಟೇ ಕೊಟ್ಟರೆ ಸಭೆಯಲ್ಲಿ ಉಳಿದ ನಾಲ್ವರು ಪೆಚ್ಚಾಗುತ್ತಾರೆ, ‘ಆಕೆ ಅವರ ಕಡೆಯವರು’ ಎಂಬ ಗುಸುಗುಸು ಅಲ್ಲಿಂದಲೇ ಶುರು. ಒಂದು ಪ್ರಶ್ನೆಗೆ ಸಿಬ್ಬಂದಿಯ ಎರಡು ದಿನ ಹಿಡಿಯುವುದಾದರೆ ಸೂಪರಿಂಟೆಂಡೆಂಟ್ ಅದನ್ನು ಅಧ್ಯಕ್ಷರಿಗೆ ತಿಳಿಸಿ, ಇಡೀ ಬೋರ್ಡಿಗೆ ಅದು ಬೇಕೇ ಎಂದು ಸಭೆಯಲ್ಲೇ ಕೇಳಿಸುವುದು ಒಳ್ಳೆಯದು.

ಎರಡನೆಯದು ಅಜೆಂಡಾ. ಬೋರ್ಡ್ ಅಧ್ಯಕ್ಷರು, ಸೂಪರಿಂಟೆಂಡೆಂಟ್ ಕೂತು ಅದನ್ನು ತಯಾರಿಸುತ್ತಾರೆ. ಕಾಗದಪತ್ರ ಕೈಸೇರಿದ ಮೇಲೆ ಸದಸ್ಯರು ತಮ್ಮ ಪ್ರಶ್ನೆಗಳನ್ನು ಸಭೆಗೆ ಒಂದು ದಿನವಾದರೂ ಮೊದಲು ಬರೆದು ಕಳಿಸಬೇಕು. ಇದನ್ನು ಮಾಡದ ಬೋರ್ಡನ್ನು ಗುರುತಿಸುವುದು ಸುಲಭ: ಕನ್ಸೆಂಟ್ ಕ್ಯಾಲೆಂಡರ್ ನೋಡಿ. ಬಿಲ್ಲು, ಸಣ್ಣ ಕರಾರು, ನೇಮಕಾತಿಯಂಥ ಮಾಮೂಲಿ ವಿಷಯಗಳನ್ನು ಒಟ್ಟಾಗಿ ಒಂದೇ ಮತದಲ್ಲಿ ಮುಗಿಸುವ ಪಟ್ಟಿ ಅದು. ಪ್ರತಿ ಸಭೆಯಲ್ಲೂ ಯಾರೋ ಒಬ್ಬರು ಅದರಿಂದ ನಾಲ್ಕೈದು ವಿಷಯ ಹೊರಗೆಳೆದು, ಮೊದಲೇ ಕೇಳಬಹುದಿದ್ದ ಪ್ರಶ್ನೆಯನ್ನು ಕ್ಯಾಮೆರಾ ಮುಂದೆ ಕೇಳುತ್ತಿದ್ದರೆ, ಅಲ್ಲಿ ಸೂಪರಿಂಟೆಂಡೆಂಟ್ ಬಹಳ ಕಾಲ ಉಳಿಯುವುದು ಕಷ್ಟ. ಇದಕ್ಕೆ ಇನ್ನೊಂದು ಮುಖವೂ ಇದೆ. ನೂರಾರು ಪುಟದ ಕಡತವನ್ನು ಕೊನೆಯ ಗಳಿಗೆಯಲ್ಲಿ ಕೊಟ್ಟು, ಇವತ್ತೇ ಮತ ಹಾಕಿ ಎನ್ನುವ ಸೂಪರಿಂಟೆಂಡೆಂಟ್ ಆ ಪ್ರಶ್ನೆಗಳನ್ನು ತಾವೇ ಕರೆಸಿಕೊಂಡಂತೆ. ಬೌಂಡರಿಯಂಥ ದೊಡ್ಡ ವಿಷಯ ಒಂದು ಸಭೆಯಲ್ಲಿ ಮಾಹಿತಿಗೆಂದು, ಮುಂದಿನದರಲ್ಲಿ ತೀರ್ಮಾನಕ್ಕೆಂದು, ಹೀಗೆ ಎರಡು ಸಲವಾದರೂ ಬರಬೇಕು.

ಮೂರನೆಯದು ವಾರ್ಷಿಕ ಮೌಲ್ಯಮಾಪನ. ವರ್ಷದ ಆರಂಭದಲ್ಲಿ ನಾಲ್ಕೈದು ಗುರಿಗಳನ್ನು, ಅವನ್ನು ಅಳೆಯುವುದು ಹೇಗೆಂಬುದನ್ನು ಬರೆದಿಟ್ಟು, ನಡುವರ್ಷದಲ್ಲಿ ಒಮ್ಮೆ ನೋಡಿ, ಕೊನೆಗೆ ಐವರೂ ಸೇರಿ ಒಂದೇ ಬರಹ ಕೊಡಬೇಕು. ಇದು ಕ್ಲೋಸ್ಡ್ ಸೆಷನ್ನಿನಲ್ಲಿ (ಸಾರ್ವಜನಿಕರಿಗೆ ಪ್ರವೇಶವಿಲ್ಲದ ಒಳಸಭೆ) ನಡೆಯುತ್ತದೆ, ಅಲ್ಲಿನ ಮಾತು ಹೊರಗೆ ಬಿಡುವಂತಿಲ್ಲ. ಗುರಿ ಬರೆದಿಡದ ಬೋರ್ಡ್ ಏನು ಮಾಡುತ್ತದೆ? ಹೋದ ವಾರ ಬಂದ ಸಿಟ್ಟಿನ ಈಮೇಲುಗಳ ಮೇಲೆ ಅಂಕ ಹಾಕುತ್ತದೆ. ನನ್ನ ಅನಿಸಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಇದೇ, ಯಾಕೆಂದರೆ ಆಮೇಲೆ ಸೂಪರಿಂಟೆಂಡೆಂಟ್ ಕೂಡ ಯಾರಿಗೂ ಬೇಜಾರಾಗದಂತೆ ನಡೆದುಕೊಳ್ಳಲು ಶುರುಮಾಡುತ್ತಾರೆ.

ಜಗಳಕ್ಕೂ ಒಂದು ಪಂಚಾಂಗವಿದೆ. ನವೆಂಬರಿನಲ್ಲಿ ಗೆದ್ದವರು ಅಧಿಕಾರ ವಹಿಸಿಕೊಳ್ಳುವುದು ಡಿಸೆಂಬರಿನ ಎರಡನೇ ಶುಕ್ರವಾರ. ಅಕ್ಟೋಬರ್ 31ರವರೆಗಿನ ಲೆಕ್ಕದ ಮೊದಲ ಇಂಟರಿಮ್ (ನಡುವರ್ಷದ ಹಣಕಾಸು) ವರದಿಯನ್ನು ಬೋರ್ಡ್ ಪ್ರಮಾಣೀಕರಿಸಬೇಕಾದದ್ದು ಡಿಸೆಂಬರ್ 15ರೊಳಗೆ. ಈ ವರ್ಷ, ಮುಂದಿನ ಎರಡು ವರ್ಷ ಡಿಸ್ಟ್ರಿಕ್ಟ್ ತನ್ನ ಸಾಲ ಸಂಬಳ ತೀರಿಸಬಲ್ಲದೇ ಎಂಬುದಕ್ಕೆ ಪಾಸಿಟಿವ್ (ತೀರಿಸಬಲ್ಲದು), ಕ್ವಾಲಿಫೈಡ್ (ಅನುಮಾನ), ನೆಗೆಟಿವ್ (ಆಗದು) ಎಂಬ ಮುದ್ರೆ. ಕುರ್ಚಿ ಬೆಚ್ಚಗಾಗುವ ಮೊದಲೇ ಹೊಸ ಸದಸ್ಯರ ಎದುರಿಗೆ ಇಂಥ ವಿಷಯ ಬಂದು ಕೂರಬಹುದು. ಹಾಗಾಗಿ ತಿಳಿದ ಸೂಪರಿಂಟೆಂಡೆಂಟ್, ಆಗಸ್ಟಿನಲ್ಲಿ ನಾಮಪತ್ರ ಮುಗಿದ ಕೂಡಲೇ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯಲ್ಲಿ ಬಜೆಟ್ ವಿವರಿಸುತ್ತಾರೆ. ಶಿಕ್ಷಕರಿಗೆ ಲೇಆಫ್‌ನ ಮೊದಲ ನೋಟೀಸಿನ ಗಡುವು ಮಾರ್ಚ್ 15, ಅಂತಿಮವಾದದ್ದು ಮೇ 15. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಡಿಸ್ಟ್ರಿಕ್ಟುಗಳಲ್ಲಿ ಫೆಬ್ರವರಿ, ಮಾರ್ಚ್ ಸಭೆಗಳು ಮಧ್ಯರಾತ್ರಿ ದಾಟುವುದು ಅದಕ್ಕೇ. ಜುಲೈ 1ರೊಳಗೆ ಬಜೆಟ್ಟೂ, ಹಣವನ್ನು ಯಾವ ಗುರಿಗೆ ಬಳಸುತ್ತೇವೆಂದು ಹೇಳುವ ಎಲ್‌ಸಿಎಪಿ ಎಂಬ ಯೋಜನೆಯೂ ಒಪ್ಪಿಗೆಯಾಗಬೇಕು. ನಿಮ್ಮ ಬೌಂಡರಿ ಬದಲಾವಣೆಯ ಹಿಂದೆ ಇಂಥ ಲೆಕ್ಕ ಇದೆಯೇ ಎಂದು ಮೊದಲು ನೋಡಿ; ಇದ್ದರೆ ‘ನಮ್ಮ ಬೀದಿಗೆ ಅನ್ಯಾಯ’ ಎಂಬುದಷ್ಟೇ ಹೇಳಿದರೆ ನಾಟುವುದಿಲ್ಲ.

ತೆಗೆಯುತ್ತಾರಂತೆ ಎಂಬ ಗಾಳಿಸುದ್ದಿಗೆ ಇಷ್ಟು ಸಾಕು: 2024ರಿಂದ ಜಾರಿಯಲ್ಲಿರುವ ಕಾನೂನಿನಂತೆ ಕಾರಣ ಕೊಡದೆ ಸೂಪರಿಂಟೆಂಡೆಂಟ್‌ರನ್ನು ತೆಗೆಯುವ ತೀರ್ಮಾನವನ್ನು ವಿಶೇಷ ಅಥವಾ ತುರ್ತು ಸಭೆಯಲ್ಲಿ ಮಾಡುವಂತಿಲ್ಲ. ಚುನಾವಣೆಯ ನಂತರ ಹೊಸ ಬೋರ್ಡ್ ಮೊದಲು ಸೇರಿದ ದಿನದಿಂದ 30 ದಿನದವರೆಗೂ ಮಾಡುವಂತಿಲ್ಲ. ಅಜೆಂಡಾದಲ್ಲಿ ‘ಸಾರ್ವಜನಿಕ ನೌಕರರ ಮೌಲ್ಯಮಾಪನ: ಸೂಪರಿಂಟೆಂಡೆಂಟ್’ ಎಂದಿದ್ದರೆ ಅದು ಮೇಲೆ ಹೇಳಿದ ಮಾಮೂಲಿ ಕೆಲಸ. ಒಂದು ತಿಂಗಳಲ್ಲಿ ಅದೇ ಸಾಲು ನಾಲ್ಕೈದು ಸಲ ಬಂದರೆ ಆಗ ಕಿವಿ ನಿಮಿರಿಸಿ.

ನಿಮ್ಮ ಕೆಲಸಕ್ಕೆ ದಾರಿ ಹೀಗೆ. ಬೌಂಡರಿ ವಿಷಯವನ್ನು ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಅಧಿಕಾರಿಗೆ ಮೊದಲು ಬರೆಯಿರಿ, ಸೂಪರಿಂಟೆಂಡೆಂಟ್‌ಗೆ ಒಂದು ಪ್ರತಿ ಹೋಗಲಿ. ನಕ್ಷೆ, ಪ್ರತಿ ಶಾಲೆಯ ಸಾಮರ್ಥ್ಯ, ಮುಂದಿನ ವರ್ಷಗಳ ಮಕ್ಕಳ ಅಂದಾಜು ಕೇಳಿ. ಈಗಿರುವ ಮಕ್ಕಳಿಗೆ, ಅವರ ತಮ್ಮ ತಂಗಿಯರಿಗೆ ಹಳೆಯ ಶಾಲೆಯಲ್ಲೇ ಮುಂದುವರಿಯಲು ವಿನಾಯಿತಿ ಇದೆಯೇ ಎಂಬ ಪ್ರಶ್ನೆ ಮರೆಯಬೇಡಿ. ಬೌಂಡರಿ ಚರ್ಚೆಗಳಲ್ಲಿ ಪೋಷಕರು ಏನಾದರೂ ಗೆಲ್ಲುವುದು ಬಹಳ ಸಲ ಇಲ್ಲಿಯೇ. ಡಿಸ್ಟ್ರಿಕ್ಟಿಗೆ ಸಂಬಂಧಿಸಿದ ವಿಷಯವನ್ನು ಅಜೆಂಡಾಕ್ಕೆ ಸೇರಿಸಿ ಎಂದು ಲಿಖಿತವಾಗಿ ಕೇಳುವ ಹಕ್ಕು ಎಜುಕೇಶನ್ ಕೋಡ್‌ನಲ್ಲಿ ಸಾರ್ವಜನಿಕರಿಗಿದೆ. ನಿಮ್ಮ ಬೋರ್ಡಿನ ಬೈಲಾದಲ್ಲಿ ಅದಕ್ಕೆ ಎಷ್ಟು ದಿನ ಮೊದಲು ಕೊಡಬೇಕೆಂದು ಬರೆದಿರುತ್ತದೆ. ವಿಷಯ ಅಜೆಂಡಾದಲ್ಲಿ ಬಂದ ದಿನ ಆ ವಿಷಯದ ಹೊತ್ತಿಗೇ ಮಾತಾಡಿ, ಆಗ ಬೋರ್ಡ್ ನಿಮ್ಮ ಮಾತನ್ನು ಎತ್ತಿಕೊಂಡು ಚರ್ಚಿಸಬಹುದು. ಹತ್ತು ಜನ ಒಂದೇ ಮಾತು ಹೇಳುವುದಕ್ಕಿಂತ ಮೂವರು ಮೂರು ಬೇರೆ ವಿಷಯ ಹೇಳಿ.

ಮಾತಾಡಲು ಪೌರತ್ವ ಬೇಡ, ವೀಸಾ ಯಾವುದೆಂದು ಯಾರೂ ಕೇಳುವಂತಿಲ್ಲ, ಸಭೆಗೆ ಬರಲು ಹೆಸರು ಬರೆಸಲೇಬೇಕೆಂದೂ ಇಲ್ಲ. ನಿಮ್ಮ ಅತ್ತೆ ಕನ್ನಡದಲ್ಲೇ ಮಾತಾಡಿ ನೀವು ಅನುವಾದಿಸಿದರೆ ಅವರಿಗೆ ಎರಡರಷ್ಟು ಸಮಯ ಕೊಡಬೇಕು, ಮೂರು ನಿಮಿಷ ಇದ್ದಲ್ಲಿ ಆರು.

ಮತದ ವಿಷಯ ಬೇರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2016ರಲ್ಲಿ ಒಪ್ಪಿಗೆಯಾದ ಪ್ರಪೊಸಿಷನ್ ಎನ್ ಪ್ರಕಾರ ಪೌರರಲ್ಲದ ಪೋಷಕರೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತ ಹಾಕಬಹುದು. ನೀವಿರುವ ಡಿಸ್ಟ್ರಿಕ್ಟಿಗೆ ಅದು ಅನ್ವಯಿಸುವುದಿಲ್ಲ, ಹಾಗಾಗಿ ನೀವು ಮತ ಹಾಕುವಂತಿಲ್ಲ. ಡಿಎಂವಿಯಲ್ಲಿ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಅವಸರದಲ್ಲಿ ‘ಹೌದು’ ಒತ್ತಬೇಡಿ; ಪೌರರೆಂದು ತಪ್ಪಾಗಿ ನೋಂದಣಿಯಾದರೆ ಮುಂದೆ ಗ್ರೀನ್ ಕಾರ್ಡ್ ಹೊತ್ತಿಗೆ ದೊಡ್ಡ ತೊಡಕಾಗುತ್ತದೆ. ಈಗಾಗಲೇ ಒತ್ತಿದ್ದರೆ ಇಮಿಗ್ರೇಷನ್ ವಕೀಲರನ್ನು ಇವತ್ತೇ ಕಾಣಿ.