ಅವಿಭಾಜ್ಯ ಸಂಖ್ಯೆಗಳ ಎಣಿಕೆ ಏಕೆ ತಡ?

ಪ್ರಶ್ನೆ: ನಾನು ಸಿ ಭಾಷೆಯನ್ನು ಈಗಷ್ಟೇ ಕಲಿಯುತ್ತಿದ್ದೇನೆ. ಒಂದು ಲಕ್ಷದೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸಲು ಪ್ರತಿ ಸಂಖ್ಯೆಯನ್ನೂ 2ರಿಂದ ಅದರ ಹಿಂದಿನ ಸಂಖ್ಯೆಯವರೆಗೆ ಭಾಗಿಸಿ ನೋಡುತ್ತೇನೆ. 9,592 ಎಂಬ ಉತ್ತರ ಬರುತ್ತದೆ, ಆದರೆ ತಡವಾಗಿ. ಇಡೀ ಪ್ರೋಗ್ರಾಂ ಮೇನ್ ಎಂಬ ಮುಖ್ಯ ಫಂಕ್ಷನ್ ಒಳಗೇ ಇದೆ. ವೇರಿಯಬಲ್‌ಗಳ ಹೆಸರು ಎ, ಬಿ, ಸಿ. ಏನನ್ನು ತಿದ್ದಬೇಕು?

ಉತ್ತರ: ನಿಮ್ಮ ಉತ್ತರ ಸರಿಯಾಗಿದೆ, ಮೊದಲು ಸರಿಯಾಗಿಸಿ ಅನಂತರ ವೇಗ ಹುಡುಕುವ ಕ್ರಮವೂ ಸರಿಯೇ. ಒಂದು ಸಂಖ್ಯೆಯು ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲವನ್ನು ಮೀರದಿರುವುದರಿಂದ, ಭಾಜಕದ ವರ್ಗವು ಆ ಸಂಖ್ಯೆಯನ್ನು ದಾಟಿದೊಡನೆ ಲೂಪನ್ನು (ಭಾಗಾಕಾರದ ಪುನರಾವರ್ತನೆಯನ್ನು) ನಿಲ್ಲಿಸಬಹುದು. 99,991 ಅವಿಭಾಜ್ಯವೆಂದು ತಿಳಿಯಲು ನಿಮ್ಮ ಪ್ರೋಗ್ರಾಂ 99,989 ಸಲ ಭಾಗಿಸುತ್ತದೆ. ವರ್ಗಮೂಲದ ಬಳಿ ನಿಲ್ಲಿಸಿದರೆ 315 ಸಲ ಸಾಕು, 2ರ ನಂತರ ಬೆಸ ಭಾಜಕಗಳನ್ನು ಮಾತ್ರ ಬಳಸಿದರೆ 158. ಭಾಜಕ ಸಿಕ್ಕ ಕೂಡಲೇ ಬ್ರೇಕ್ ಹಾಕುವುದನ್ನು ಮರೆಯಬೇಡಿ. ಇನ್ನೂ ವೇಗ ಬೇಕೆಂದರೆ ಒಂದು ಲಕ್ಷ ಬೈಟ್‌ಗಳ ಅರೇ ಇಟ್ಟುಕೊಂಡು ಎರಟೋಸ್ತನೀಸನ ಜರಡಿಯನ್ನು (ಪ್ರತಿ ಅವಿಭಾಜ್ಯದ ಗುಣಕಗಳನ್ನು ಹೊಡೆದುಹಾಕಿ ಉಳಿದವನ್ನು ಎಣಿಸುವ ವಿಧಾನ) ಬಳಸಿ, ಅದರಲ್ಲಿ ಭಾಗಾಕಾರವೇ ಇಲ್ಲ.

ಪರೀಕ್ಷೆಯ ಭಾಗವನ್ನು ಪ್ರತ್ಯೇಕ ಫಂಕ್ಷನ್ ಆಗಿಸಿ. ‘ಎ’ ಬದಲು ‘ಭಾಜಕ’ ಎಂಬರ್ಥದ ಹೆಸರಿಡಿ. ಪ್ರೋಗ್ರಾಂ ಅನ್ನು ವೇಗಗೊಳಿಸುವ ಕಂಪೈಲರ್‌ನ ಆಪ್ಟಿಮೈಸೇಶನ್ ಆಯ್ಕೆಯನ್ನೂ ಬಳಸಿ, ಆದರೆ ಅನಗತ್ಯವಾದ ಲೂಪನ್ನು ಅದು ನಿಮ್ಮ ಪರವಾಗಿ ಮೊಟಕುಗೊಳಿಸೀತೆಂದು ನಂಬಬೇಡಿ.